ಸರಾಸರಿ 30 ಇತ್ತು, ಶಿಕ್ಷಕರು ಸಾಲುತ್ತಿರಲಿಲ್ಲ

ಶಿಕ್ಷಕರ ಬೇಡಿಕೆಯ ಲೆಕ್ಕಕ್ಕೆ ಕೂತಾಗ ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಹಿಡಿದು ಮಕ್ಕಳ ಸಂಖ್ಯೆಯನ್ನು 30ರಿಂದ ಭಾಗಿಸುವುದು, ಈಗಿರುವ ಶಿಕ್ಷಕರನ್ನು ಕಳೆಯುವುದು, ಮುಗೀತು. ಮೊದಲ ಸಲ ಕೂಡಿದಾಗ ಶಿಕ್ಷಕರು ಸರಿಯಾಗಿ ಎರಡು ಪಟ್ಟು ಬಂದರು! ನೋಡಿದರೆ, ಪಟ್ಟಿಯ ಕೊನೆಯ ‘ಒಟ್ಟು’ ಸಾಲನ್ನೂ ಸೇರಿಸಿ ಕೂಡಿಬಿಟ್ಟಿದ್ದೆ.

ಆ ತಪ್ಪು ಬೇಗ ಸಿಕ್ಕಿತು. ಸರಾಸರಿಯ ಮೋಸ ಗೊತ್ತಾಗಲು ತುಂಬಾ ದಿನ ಹಿಡಿಯಿತು. ಒಂದು ಶಾಲೆಯಲ್ಲಿ 20 ಮಕ್ಕಳು, 2 ಶಿಕ್ಷಕರು. ಇನ್ನೊಂದರಲ್ಲಿ 160 ಮಕ್ಕಳು, 4 ಶಿಕ್ಷಕರು ಅಂತಿಟ್ಟುಕೊಳ್ಳಿ. ಎರಡೂ ಸೇರಿಸಿದರೆ 180ಕ್ಕೆ 6, ಅಂದ್ರೆ ತಲಾ 30. ಕಾಗದದ ಮೇಲೆ ಕೊರತೆಯೇ ಇಲ್ಲ. ಆದರೆ ದೊಡ್ಡ ಶಾಲೆಗೆ ಇನ್ನೂ ಇಬ್ಬರು ಬೇಕು. ಚಿಕ್ಕ ಶಾಲೆಯಿಂದ ಒಬ್ಬರನ್ನು ಕಳಿಸೋಣ ಅಂದರೆ, ಉಳಿದ ಒಬ್ಬರು ರಜೆ ಹಾಕಿದ ದಿನ ಬಾಗಿಲು ಮುಚ್ಚಬೇಕು. ಹಾಗಾಗಿ ಶಾಲೆವಾರು ಲೆಕ್ಕಕ್ಕೆ ಇಳಿದೆ.

ಪ್ರೌಢಶಾಲೆಗೆ ಅದೂ ಸಾಲದು. 12 ಸೆಕ್ಷನ್‌ಗೆ ವಾರಕ್ಕೆ ತಲಾ 6 ಗಣಿತದ ಪೀರಿಯಡ್ ಅಂದ್ರೆ 72. ಒಬ್ಬರು 24 ತೆಗೆದುಕೊಂಡರೆ 3 ಜನ ಬೇಕು. ಇತಿಹಾಸದ ಮೇಷ್ಟ್ರು ಎಷ್ಟೇ ಜಾಸ್ತಿ ಇದ್ದರೂ ಈ ಜಾಗ ತುಂಬುವುದಿಲ್ಲ, ಅಲ್ವಾ?

ಇನ್ನು ಕೆಲಸ ಬಿಟ್ಟು ಹೋಗುವ ಶಿಕ್ಷಕರು. ಇವರನ್ನು ನಾನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ. 2030ರೊಳಗೆ ಜಗತ್ತಿಗೆ ಪ್ರಾಥಮಿಕ, ಪ್ರೌಢ ಎರಡೂ ಸೇರಿ ಸುಮಾರು 6.9 ಕೋಟಿ ಹೊಸ ಶಿಕ್ಷಕರು ಬೇಕು ಎಂದು ಯುನೆಸ್ಕೊ 2016ರಲ್ಲಿ ಅಂದಾಜು ಮಾಡಿತ್ತು. ಅದರ 2024ರ ವರದಿಯಲ್ಲಿ ಅದು 4.4 ಕೋಟಿಗೆ ಇಳಿದಿದೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಬೇಕಿರುವುದು ಕೆಲಸ ಬಿಡುವವರ ಜಾಗಕ್ಕೆ. ಅದನ್ನು ಓದಿದ ಮೇಲೆ ನನ್ನ ಹಳೆಯ ಫೈಲನ್ನು ಪೂರ್ತಿ ತಿದ್ದಿದೆ.

ಪದವೀಧರರ ಉದ್ಯೋಗದ ಅಂಕಿಗಳಲ್ಲಿ ಬೇರೆ ಥರದ ತೊಡಕು. 100 ಪದವೀಧರರಲ್ಲಿ 40 ಜನ ಕೆಲಸದಲ್ಲಿದ್ದಾರೆ, 10 ಜನ ಹುಡುಕುತ್ತಿದ್ದಾರೆ, 50 ಜನ ಮುಂದೆ ಓದುತ್ತಿದ್ದಾರೆ ಅನ್ನೋಣ. ನಿರುದ್ಯೋಗ ಶೇ. 10 ಅಂತ ಬರೆದಿದ್ದೆ. ತಪ್ಪು. ಓದುತ್ತಿರುವವರು ಕೆಲಸ ಹುಡುಕುತ್ತಿಲ್ಲವಾದ್ದರಿಂದ ದುಡಿಮೆಗಾರರ ಲೆಕ್ಕಕ್ಕೆ ಬರುವುದಿಲ್ಲ. ಭಾಗಿಸಬೇಕಾದ್ದು 50ರಿಂದ, ಉತ್ತರ ಶೇ. 20. ಇನ್ನು ಆ 40 ಜನರಲ್ಲಿ ಯಾರಿದ್ದಾರೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆಯಲ್ಲಿ, ಸಮೀಕ್ಷೆಯ ವಾರದಲ್ಲಿ ಒಂದೇ ಒಂದು ಗಂಟೆ ದುಡ್ಡಿಗೆ ದುಡಿದರೂ ‘ಕೆಲಸದಲ್ಲಿದ್ದಾರೆ’. ಶನಿವಾರ ಒಂದು ಗಂಟೆ ಟ್ಯೂಷನ್ ಹೇಳಿದವರೂ ಅಲ್ಲೇ ಇರುತ್ತಾರೆ.

ಈಗ ಪ್ರತಿ ಶೇಕಡಾವಾರು ಅಂಕಿಯ ಪಕ್ಕ ‘ಎಷ್ಟು ಜನರಲ್ಲಿ?’ ಅಂತ ಒಂದು ಕಾಲಂ ಇಟ್ಟಿರುತ್ತೇನೆ. ಶಿಕ್ಷಕ ತರಬೇತಿ ಮುಗಿಸಿದವರ ಸಾಲಿಗೆ ಬಂದಾಗ ಮಾತ್ರ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ. ತರಗತಿಯಲ್ಲಿ ಪಾಠ ಹೇಳುವವರೂ, ತರಬೇತಿ ಮುಗಿಸಿ ಬ್ಯಾಂಕ್ ಸೇರಿದವರೂ ಅಲ್ಲಿ ಒಂದೇ ಸಾಲಿನಲ್ಲಿ ‘ಉದ್ಯೋಗಸ್ಥರು’.