ಹೋದ ವರ್ಷದ 52, ಈ ವರ್ಷದ 52: ಗೇಟ್ ಸ್ಕೋರ್ ಲೆಕ್ಕ ಹಾಕುವುದು ಹೇಗೆ?

ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಸುರತ್ಕಲ್ಲಿನ ಎನ್‌ಐಟಿಕೆಯ ಎಂ.ಟೆಕ್ ಸೀಟಿಗೆ ಬೇರೆ ಬೇರೆ ವರ್ಷ ಪರೀಕ್ಷೆ ಬರೆದವರೆಲ್ಲ ಒಟ್ಟಿಗೆ ಪೈಪೋಟಿ ನಡೆಸುತ್ತಾರೆ. ಒಂದು ವರ್ಷ ಪೇಪರ್ ಸಲೀಸು, ಮತ್ತೊಂದು ವರ್ಷ ಕಬ್ಬಿಣದ ಕಡಲೆ. ಬರೀ ಅಂಕ ನೋಡಿದರೆ ಅನ್ಯಾಯವಾಗುತ್ತದೆಂದೇ ಅದನ್ನು ಸ್ಕೋರ್‌ಗೆ ಬದಲಾಯಿಸುತ್ತಾರೆ:

ಸ್ಕೋರ್ = 350 + 550 × (ನಿಮ್ಮ ಅಂಕ − ಕಟ್‌ಆಫ್) ÷ (ಮೇಲಿನವರ ಸರಾಸರಿ − ಕಟ್‌ಆಫ್)

ಕಟ್‌ಆಫ್ ಎಂದರೆ ಆ ಪೇಪರಿನ ಸಾಮಾನ್ಯ ವರ್ಗದ ಅರ್ಹತಾ ಅಂಕ. 25 ಅಥವಾ ಎಲ್ಲರ ಸರಾಸರಿಗೆ ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕೂಡಿಸಿದ ಮೊತ್ತ, ಇವೆರಡರಲ್ಲಿ ಸಾಮಾನ್ಯವಾಗಿ ದೊಡ್ಡದೇ ಕಟ್‌ಆಫ್. ‘ಮೇಲಿನವರು’ ಎಂದರೆ ಬರೆದವರಲ್ಲಿ ಮೊದಲ ಶೇ. 0.1 ಮಂದಿ, ಆ ಸಂಖ್ಯೆ ಹತ್ತಕ್ಕಿಂತ ಕಡಿಮೆಯಾದರೆ ಮೊದಲ ಹತ್ತು ಮಂದಿ.

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. ಸುಲಭದ ವರ್ಷ ಕಟ್‌ಆಫ್ 30, ಮೇಲಿನವರ ಸರಾಸರಿ 85 ಎನ್ನಿ. 52 ಅಂಕಕ್ಕೆ 350 + 550 × 22 ÷ 55, ಅಂದರೆ 570. ಕಷ್ಟದ ವರ್ಷ ಅವು 25 ಮತ್ತು 75 ಆದರೆ ಅದೇ 52ಕ್ಕೆ 647 ಬರುತ್ತದೆ. ಆ ವರ್ಷ 45 ತೆಗೆದವರಿಗೇ 570 ಸಿಕ್ಕಿರುತ್ತದೆ.

ಹೆಚ್ಚಿನವರು ಎಡವುವುದು ಕಟ್‌ಆಫ್‌ನಲ್ಲಿ. ಅದೇ ಸುಲಭದ ವರ್ಷ 52 ತೆಗೆದ ಒಬಿಸಿ ಅಭ್ಯರ್ಥಿ 30ರ ಜಾಗದಲ್ಲಿ ತನ್ನ ವರ್ಗದ ಕಟ್‌ಆಫ್ 27 ಹಾಕಿದರೆ 570ರ ಬದಲು 587 ಬರುತ್ತದೆ, ಅದು ತಪ್ಪು. ಯಾವ ವರ್ಗದವರಾದರೂ ಸೂತ್ರಕ್ಕೆ ಹೋಗುವುದು ಸಾಮಾನ್ಯ ವರ್ಗದ ಕಟ್‌ಆಫೇ. ಹೀಗಾಗಿ 20 ಅಂಕಕ್ಕೆ ಅರ್ಹತೆ ಪಡೆದ ಎಸ್‌ಸಿ, ಎಸ್‌ಟಿ ಅಭ್ಯರ್ಥಿಯ ಸ್ಕೋರ್ 250 ಎಂದಿದ್ದರೆ ಗಾಬರಿ ಬೇಡ, ಲೆಕ್ಕ ಸರಿಯೇ ಇದೆ. ಎರಡನೆಯ ಎಡವಟ್ಟು, ಒಂದಕ್ಕಿಂತ ಹೆಚ್ಚು ಪಾಳಿಯಲ್ಲಿ ನಡೆದ ಪೇಪರಿಗೆ ಕೀ ಉತ್ತರದಿಂದ ಎಣಿಸಿದ ಅಂಕವನ್ನೇ ಹಾಕುವುದು. ಅಲ್ಲಿ ಮೊದಲು ಪಾಳಿಗಳ ನಡುವೆ ಹೊಂದಾಣಿಕೆ ಆಗುತ್ತದೆ. ಹಾಗೆ ಬಂದ ಅಂಕವನ್ನೇ ಬಳಸಬೇಕು.

ಮೇಲಿನವರ ಸರಾಸರಿ ಗೊತ್ತಿಲ್ಲದಿದ್ದರೆ ಅದೇ ವರ್ಷ, ಅದೇ ಪೇಪರಿನ ಯಾರದಾದರೂ ಸ್ಕೋರ್‌ಕಾರ್ಡ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ: ಕಟ್‌ಆಫ್ + 550 × (ಅಂಕ − ಕಟ್‌ಆಫ್) ÷ (ಸ್ಕೋರ್ − 350). ಇದಕ್ಕೆ ಅಂಚಿನಲ್ಲಿ ಪಾಸಾದವರ ಕಾರ್ಡ್ ಹಿಡಿಯಬೇಡಿ. ಸ್ಕೋರ್ ಪೂರ್ಣಾಂಕದಲ್ಲಿ ಇರುವುದರಿಂದ, ಕಟ್‌ಆಫ್ 30 ಇದ್ದ ವರ್ಷದ 31 ಅಂಕ, 360 ಸ್ಕೋರ್ ಇರುವ ಕಾರ್ಡ್‌ನಿಂದ ಸರಾಸರಿ 82ರಿಂದ 88ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 52 ಅಂಕ, 570 ಸ್ಕೋರ್ ಇರುವ ಕಾರ್ಡ್ ಕೊಡುವ ಉತ್ತರ 85ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಈ ಸೂತ್ರಕ್ಕೂ ಮಿತಿ ಇದೆ. ಎರಡು ವರ್ಷಗಳನ್ನು ಜೋಡಿಸಲು ಇದು ಸಮಾನ ಪ್ರಶ್ನೆಗಳನ್ನು ನೆಚ್ಚಿಕೊಂಡಿಲ್ಲ. ಬರೆಯುವವರ ಮಟ್ಟ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಎಂದು ನಂಬಿಕೊಂಡಿದೆ. ಲಕ್ಷ ಮಂದಿ ಬರೆಯುವ ಪೇಪರಿನಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಡೆಯುತ್ತದೆ. ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಬರೆಯುವಲ್ಲಿ ಮಾತ್ರ ಎಚ್ಚರ: ಅಲ್ಲಿ ಲೆಕ್ಕಕ್ಕೆ ಬರುವುದು ಹತ್ತೇ ಜನ. ಅವರಲ್ಲೊಬ್ಬರು 20 ಅಂಕ ಹೆಚ್ಚು ತೆಗೆದರೂ ಸರಾಸರಿ 2 ಏರಿ, ಕಟ್‌ಆಫ್ ದಾಟಿದ ಉಳಿದವರೆಲ್ಲರ ಸ್ಕೋರ್ ಇಳಿಯುತ್ತದೆ.