ಹಳೆಯ ಎಂಜಿಬಿಗೆ ಸರಿಯಾದ ಬೇರಿಂಗ್ ಸಿಕ್ಕ ಬಗೆ

ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ನನ್ನ 1964ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಆಯಿಲ್ ಪ್ರೆಶರ್ ಮುಳ್ಳು ಪ್ರತಿ ತಿರುವಿನಲ್ಲೂ ಕೆಳಗಿಳಿಯತೊಡಗಿ, ಎಂಜಿನ್ನಿನ ತಳದಿಂದ ಮಂದವಾದ ಬಡಿತ ಕೇಳಿಸಿತು. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಹೊತ್ತಿರುವ ಮೇನ್ ಬೇರಿಂಗ್ ಸವೆದಿತ್ತು. ಕಾರಿನ ವರ್ಷವನ್ನಷ್ಟೇ ಹೇಳಿ ಇಂಗ್ಲೆಂಡಿನಿಂದ ತರಿಸಿದ ಸೆಟ್ ಕೂರಲೇ ಇಲ್ಲ. ತಪ್ಪು ಅಂಗಡಿಯವರದಲ್ಲ, ನನ್ನದೇ. ಈ 1798 ಸಿಸಿ ಎಂಜಿನ್ 1964ರ ಕೊನೆಯ ಭಾಗದಲ್ಲಿ ಮೂರು ಬೇರಿಂಗ್‌ಗಳಿಂದ ಐದಕ್ಕೆ ಬದಲಾಗಿದ್ದರಿಂದ, ಆ ವರ್ಷದ ಕಾರುಗಳಲ್ಲಿ ಎರಡೂ ಬಗೆಯವು ಸಿಗುತ್ತವೆ. ಬ್ಲಾಕಿನ ಮೇಲಿದ್ದ ತಗಡಿನ ಪಟ್ಟಿಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ‘18ಜಿಬಿ’ ಎಂಬ ಅಕ್ಷರಗಳು ಕಂಡವು, ಅಂದರೆ ಐದು ಬೇರಿಂಗಿನದು. ಈ ಸಲ ಕ್ರ್ಯಾಂಕ್‌ಶಾಫ್ಟನ್ನು ಗ್ರೈಂಡ್ ಮಾಡಿಸಿ, ಮೈಕ್ರೋಮೀಟರಿನಲ್ಲಿ ಅಳೆಸಿದ ಮೇಲೆಯೇ ಉಜ್ಜಿ ತೆಳುವಾದ ದಂಡಕ್ಕೆ ಹೊಂದುವ 0.010 ಇಂಚಿನ ಅಂಡರ್‌ಸೈಜ್ ಸೆಟ್ ತರಿಸಿದೆ. ಈಗ ಎಂಜಿನ್ ತಿಣುಕುವ ಮೊದಲೇ ಗೇರ್ ಇಳಿಸಿ ಅದೇ ಘಟ್ಟ ಹತ್ತುತ್ತೇನೆ. ಮುಳ್ಳು ಚದರ ಇಂಚಿಗೆ 50 ಪೌಂಡಿನ ಆಸುಪಾಸಿನಲ್ಲೇ ನಿಲ್ಲುತ್ತದೆ.