ವಾಷಿಂಗ್ ಮೆಷಿನ್ನಿನ ಗೇರ್‌ಬಾಕ್ಸ್ ಬದಲಾಯಿಸಿದ ನನ್ನ ಅನುಭವ

ನಮ್ಮ ಮನೆಯ ಟಾಪ್‌ಲೋಡ್ ವಾಷಿಂಗ್ ಮೆಷಿನ್ ಬಟ್ಟೆ ಒಗೆಯುವಾಗ ಸದ್ದಿಲ್ಲದೆ ನಡೆಯುತ್ತಿತ್ತು, ಹಿಂಡುವ ಹಂತಕ್ಕೆ ಬಂದೊಡನೆ ಮಾತ್ರ ಗರಗರ ಎನ್ನುತ್ತಿತ್ತು. ದೋಷದ ಸುಳಿವು ಈ ವ್ಯತ್ಯಾಸದಲ್ಲಿಯೇ ಇತ್ತು. ಒಗೆಯುವಾಗ ಬಟ್ಟೆ ತುಂಬುವ ಡ್ರಮ್ಮು ತಿರುಗದಂತೆ ಬ್ರೇಕ್ ಹಿಡಿದಿಡುತ್ತದೆ; ಮೋಟಾರಿನ ತಿರುಗುವಿಕೆಯನ್ನು ದಾಟಿಸುವ ಗೇರ್‌ಬಾಕ್ಸಿನ ಒಳಶಾಫ್ಟ್ (ಒಳಗಿನ ದಂಡ) ಡ್ರಮ್ಮಿನ ತಳದಲ್ಲಿರುವ ತಟ್ಟೆಯಾದ ಪಲ್ಸೇಟರನ್ನಷ್ಟೇ ತಿರುಗಿಸುತ್ತದೆ. ಹಿಂಡುವಾಗ ನೀರು ಹೊರಬಿಡುವ ಡ್ರೈನ್ ಮೋಟಾರು ಬ್ರೇಕಿನ ಲಿವರನ್ನು ಎಳೆದು ಬ್ರೇಕ್ ಬಿಡಿಸುವುದರಿಂದ ಹೊರಶಾಫ್ಟ್ ಕೂಡ ಡ್ರಮ್ಮಿನೊಂದಿಗೆ ಸುತ್ತುತ್ತದೆ. ಪ್ಲಗ್ ಕಿತ್ತು, ಬೆಲ್ಟ್ ಕಳಚಿ ನೋಡಿದಾಗ ಮೋಟಾರು ನಯವಾಗಿ ತಿರುಗಿತು. ಲಿವರ್ ಎಳೆದು ಹಿಡಿದು ಡ್ರಮ್ಮನ್ನು ತಿರುಗಿಸಿದರೆ ಅದೇ ಗರಗರ ಸದ್ದು ಬಂತು. ಗೇರ್‌ಬಾಕ್ಸಿನ ಕೆಳಗೆ ತುಕ್ಕು ಬೆರೆತ ಕಂದು ನೀರಿನ ಜಾಡು ಕಂಡದ್ದರಿಂದ, ನೀರು ತಡೆಯುವ ಸೀಲ್ ಸವೆದು, ಶಾಫ್ಟ್ ನಯವಾಗಿ ತಿರುಗಲು ಆಧಾರವಾಗಿರುವ ಬೇರಿಂಗಿಗೆ ನೀರಿಳಿದಿರುವುದು ಖಚಿತವಾಯಿತು.

ಅದೇ ಮಾದರಿಯ ಗೇರ್‌ಬಾಕ್ಸನ್ನು ಹೊಸ ಸೀಲ್ ಸಮೇತ ತರಿಸಿದೆ. ಇಡೀ ಕೆಲಸದಲ್ಲಿ ಕಷ್ಟವೆನಿಸಿದ್ದು ಡ್ರಮ್ಮನ್ನು ಮೇಲೆತ್ತುವುದೊಂದೇ. ಪಲ್ಸೇಟರ್ ತೆಗೆದು, ಬಾಕ್ಸ್ ಸ್ಪ್ಯಾನರಿನಿಂದ ಡ್ರಮ್ಮನ್ನು ಹಿಡಿದಿದ್ದ ದೊಡ್ಡ ನಟ್ಟನ್ನು ಬಿಚ್ಚಿದರೂ, ಬೋರ್‌ವೆಲ್ ನೀರಿನ ಉಪ್ಪು ಮತ್ತು ಸೋಪಿನ ಪುಡಿ ಶಾಫ್ಟಿನ ಸುತ್ತ ಬಿಳಿಯ ಗಾರೆಯಂತೆ ಗಟ್ಟಿಯಾಗಿ ಕೂತಿದ್ದವು. ಸುತ್ತಿಗೆಯಿಂದ ಹೊಡೆಯದೆ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಇಬ್ಬರು ಎರಡೂ ಬದಿಯಿಂದ ಸಮನಾಗಿ ಎತ್ತಿದಾಗ ಅದು ಕಳಚಿಕೊಂಡಿತು. ಸೀಲ್ ಕೂರುವ ಜಾಗವನ್ನು ಚೊಕ್ಕವಾಗಿ ಒರೆಸಿ, ಹೊಸ ಸೀಲಿನ ಅಂಚಿಗೆ ಗ್ರೀಸ್ ಸವರಿ, ಹೊಸ ಗೇರ್‌ಬಾಕ್ಸ್ ಕೂರಿಸಿ ಎಲ್ಲವನ್ನೂ ಮರಳಿ ಜೋಡಿಸಿದೆ. ಬಟ್ಟೆಯಿಲ್ಲದೆ ನೀರು ತುಂಬಿಸಿ ಪೂರ್ತಿ ಓಡಿಸಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ತಳದಲ್ಲಿ ಒಂದು ಹನಿಯೂ ಇರಲಿಲ್ಲ.